ಗ್ರಾಮಸಭೆಯಲ್ಲಿ ನಾನು ಹೇಳಿದ ಕಿತ್ತೂರಿನ ಕಥೆ

ಕಳೆದ ಚಳಿಗಾಲದಲ್ಲಿ ಚಿಕ್ಕೋಡಿಯ ಒಂದು ಕಾಲೇಜಿನವರು ಚರ್ಚಾಸ್ಪರ್ಧೆಗೆ ನಿರ್ಣಾಯಕನಾಗಿ ಬರಬೇಕೆಂದು ಕರೆದರು. ನಿವೃತ್ತ ಇತಿಹಾಸ ಮಾಸ್ತರನಿಗೆ ಇಂಥ ಕರೆಗಳು ಆಗಾಗ ಬರುತ್ತವೆ. ಹೊಸ ಕಾಲುವೆಗೆ ಜಮೀನು ಬಿಟ್ಟುಕೊಡಬೇಕೋ ಬೇಡವೋ ಎಂಬುದು ವಿಷಯ. ಬಿ.ಎ. ಓದುವ ಒಬ್ಬ ಹುಡುಗಿ ಎದುರು ಪಕ್ಷದವರತ್ತ ಬೆರಳು ಮಾಡಿ, "ಕಿತ್ತೂರಿನ ಮದ್ದಿಗೆ ಸೆಗಣಿ ಕಲಸಿದವರ ಸಂತತಿ ಇನ್ನೂ ಅಳಿದಿಲ್ಲ, ಇದೇ ಸಭೆಯಲ್ಲಿ ಕೂತಿದೆ" ಎಂದಳು. ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಪಕ್ಕದಲ್ಲಿದ್ದ ನಿರ್ಣಾಯಕರು ನನ್ನ ಕಡೆ ಬಾಗಿ, "ಏನ್ ಮಾತಾಡತಾಳ್ರೀ ಹುಡುಗಿ!" ಎಂದರು. ನನ್ನ ಮುಂದೆ ಅಂಕದ ಹಾಳೆ ಇತ್ತು, ಕೈಯಲ್ಲಿ ಪೆನ್ನಿತ್ತು. ಬರೆಯಲಾಗಲಿಲ್ಲ. ಆಕೆಗೆ ಇಪ್ಪತ್ತು ವರ್ಷ ಇದ್ದೀತು. ಅದೇ ಮಾತನ್ನು ನಾನು ಆಡಿದಾಗ ನನಗೆ ಐವತ್ತಾರಾಗಿತ್ತು.

ನಮ್ಮದು ಕುಡಚಿಯಿಂದ ಕೃಷ್ಣೆಯ ದಂಡೆಗುಂಟ ಹೋದರೆ ಸಿಗುವ ಊರು. ಹೆಸರು ಬೇಡ. ಊರಿಗೆ ಎರಡು ಪಾತಳಿ. ಮೇಲಿನ ದಿಬ್ಬದ ಮೇಲೆ ಬಸದಿ, ಹೈಸ್ಕೂಲು, ಪಂಚಾಯತಿ, ನಮ್ಮಂಥ ಜೈನರ ಮತ್ತು ಉಳಿದ ಹೊಲದವರ ಮನೆಗಳು. ಕೆಳಗೆ ನದಿಗೆ ಹತ್ತಿಕೊಂಡಂತೆ ಹೊಳಿ ಓಣಿ. ಅಲ್ಲಿ ಬೌದ್ಧರ ಅರವತ್ತು ಮನೆ. ಹೆಚ್ಚಿನವರು ಕಬ್ಬು ಕಡಿಯುವವರು, ನಾಲ್ಕೈದು ಜನ ಮಾತ್ರ ಉಗಾರದ ಕಡೆ ಫ್ಯಾಕ್ಟರಿ ನೌಕರಿಗೆ ಹೋಗುವವರು. ಮಹಾಪೂರ ಬಂದ ಆ ವರ್ಷ ಶ್ರಾವಣದಲ್ಲಿ ನೀರು ಹೊಳಿ ಓಣಿಯ ಮಾಡು ಮುಟ್ಟಿತು. ಮೇಲಿನ ಊರಿಗೆ ಬಂದದ್ದು ವಾಸನೆ ಮಾತ್ರ. ಹದಿನೈದು ದಿನ ನೀರಲ್ಲಿ ನಿಂತ ಕಬ್ಬು ಕೊಳೆತು ಹುಳಿ ಹೆಂಡದಂತೆ ನಾರುತ್ತಿತ್ತು. ನಾವು ಕಿಟಕಿ ಹಾಕಿಕೊಂಡು ಕೂತೆವು.

ನೀರು ಇಳಿದ ಮೇಲೆ ತಹಸೀಲ್ದಾರರು ಬಂದರು. ಹೊಳಿ ಓಣಿಯನ್ನು ಪೂರ್ತಿ ಎತ್ತಿ, ರಸ್ತೆಯಾಚೆಯ ಎತ್ತರದ ಗಾಯರಾಣದಲ್ಲಿ ಜಾಗ ಕೊಡುವುದಾಗಿ ಹೇಳಿದರು. ಗಾಯರಾಣವೆಂದರೆ ದನ ಮೇಯಲು ಬಿಟ್ಟ ಸರಕಾರಿ ಭೂಮಿ. ಗ್ರಾಮಸಭೆ ಒಪ್ಪಿ ಠರಾವು ಮಾಡಿ ಕಳಿಸಿದರೆ ಮುಂದಿನ ಕೆಲಸ ಸುಲಭವಾಗುತ್ತದೆ ಎಂದು ಹೇಳಿಹೋದರು.

ಆ ಗಾಯರಾಣದಲ್ಲಿ ದನ ಮೇಯ್ದದ್ದನ್ನು ನಾನು ಕಂಡವನಲ್ಲ. ನನಗೆ ತಿಳಿವಳಿಕೆ ಬಂದಾಗಿನಿಂದ ಅಲ್ಲಿ ಕಬ್ಬು ನಿಂತಿದೆ. ದೊಡ್ಡ ಪಾಲು ಬಾಪುಸಾಹೇಬರದು. ಬಾಪುಸಾಹೇಬರು ಊರಿನ ಹಿರಿಯ ಮನೆತನದವರು. ಪಂಚಾಯತಿಯಲ್ಲಿ ಯಾರೇ ಅಧ್ಯಕ್ಷರಾಗಲಿ, ಮಾತು ಅವರದೇ ನಡೆಯುತ್ತಿತ್ತು.

ಓಣಿಯ ಪರವಾಗಿ ಕಾಗದ ಹಿಡಿದು ಮನೆಮನೆಗೆ ಸಹಿ ಕೇಳಲು ಹೊರಟವಳು ಸುಜಾತಾ. ಅಂಗನವಾಡಿಯ ಬಾಯಿ. ಅಂದರೆ ನಮ್ಮ ಕಡೆ ಅಂಗನವಾಡಿ ಟೀಚರನ್ನು ಹಾಗೆ ಕರೆಯುತ್ತಾರೆ. ಹದಿನೆಂಟು ವರ್ಷದ ಹಿಂದೆ ಆಕೆ ನನ್ನ ವಿದ್ಯಾರ್ಥಿನಿ, ಎರಡನೇ ಬೆಂಚಿನಲ್ಲಿ ಕೂಡುತ್ತಿದ್ದಳು. ನಮ್ಮ ಮನೆಗೂ ಬಂದಳು. ಜೊತೆಗೆ ಅತ್ತೆ ಅಕ್ಕಾತಾಯಿ ಇದ್ದಳು. ಎಪ್ಪತ್ತು ದಾಟಿದ, ಬಾಗದ ಬೆನ್ನಿನ ಮುದುಕಿ. ಸುಗ್ಗಿಯಲ್ಲಿ ನಮ್ಮ ಹೊಲದಲ್ಲೇ ಎಷ್ಟೋ ವರ್ಷ ದುಡಿದವಳು.

"ಸರ್, ಮ್ಯಾಲಿನ ಊರಿನವರದೂ ಸಹಿ ಇದ್ರ ಠರಾವಿಗೆ ವಜನ್ ಬರತೈತ್ರೀ," ಎಂದಳು ಸುಜಾತಾ.

"ವಿಚಾರ ಮಾಡ್ತೀನವಾ," ಎಂದೆ.

ಅಕ್ಕಾತಾಯಿ ನಕ್ಕಳು. "ಮಾಸ್ತರ ವಿಚಾರ ಮಾಡೂದ್ರಾಗ ಮತ್ತ ನೀರ ಬರತೈತಿ ನೋಡು."

ಅದೇ ವಾರ ಬಾಪುಸಾಹೇಬರು ತಮ್ಮ ಕಾರಿನಲ್ಲಿ ನಮ್ಮ ಮನೆಗೆ ಬಂದರು. ಜೀವಮಾನದಲ್ಲಿ ಮೊದಲ ಸಲ. ನನ್ನ ಹೆಂಡತಿ ರಾಜಮತಿ ಗಡಬಡಿಸಿ ಅವಲಕ್ಕಿ ಒಗ್ಗರಣೆ ಹಾಕಿದಳು. ಬಾಪುಸಾಹೇಬರು ಗೋಡೆಗೆ ಜೋಡಿಸಿಟ್ಟ ನನ್ನ ಪುಸ್ತಕಗಳನ್ನು ನೋಡುತ್ತ ಹೇಳಿದರು: "ಮಾಸ್ತರ, ನೀವ್ ಊರಿನ ಶಾಣ್ಯಾ ಮನಷ್ಯಾ. ನಾವ್ ಮಾತಾಡಿದ್ರ ಜಮೀನಿನ ಸಂಬಂಧ ಮಾತಾಡ್ತಾರ ಅಂತ ಮಂದಿ ಅಂತೈತಿ. ನೀವ್ ಮಾತಾಡ್ರಿ. ಊರು ಒಡಿಬಾರದು ಅಂತ ಹೇಳ್ರಿ. ನಿಮ್ಮ ಇತಿಹಾಸದಾಗಿಂದ ಒಂದ್ ಚಲೋ ಉದಾಹರಣೆ ಕೊಟ್ಟು ಹೇಳ್ರಿ."

ಮೂವತ್ತು ವರ್ಷ ಆಕಳಿಸುವ ಮಕ್ಕಳ ಮುಂದೆ ಇತಿಹಾಸ ಹೇಳಿದವನಿಗೆ, ಊರಿಗೇ ತನ್ನ ಇತಿಹಾಸ ಬೇಕಾಗಿದೆ ಎಂದರೆ ಹೇಗನಿಸಬೇಡ? ನಾನು ಉಬ್ಬಿಹೋದೆ. ಎರಡು ದಿನ ಕೂತು ಭಾಷಣ ಬರೆದೆ. ಮೊದಲ ಕರಡಿನಲ್ಲಿ ವಾದಗಳೇ ಇದ್ದವು: ಓಣಿ ಹೋದರೆ ಶಾಲೆಯ ಮಕ್ಕಳ ಸಂಖ್ಯೆ ಇಳಿಯುತ್ತದೆ, ಬಸ್ ನಿಲುಗಡೆ ಅತ್ತ ಸರಿಯುತ್ತದೆ, ಹೊಳೆಗೆ ಒಡ್ಡು ಕಟ್ಟಿಸಿದರೆ ಎಲ್ಲರೂ ಇದ್ದಲ್ಲೇ ಇರಬಹುದು. ಓದಿ ನೋಡಿದರೆ ಯಾವುದಕ್ಕೂ ಜೀವವಿಲ್ಲ. "ಹಂಗಾರ ನಮ್ಮ ಮನ್ಯಾಗ ನೀರು ಬಂದ್ರ?" ಎಂದು ಯಾರಾದರೂ ಕೇಳಿದರೆ ಅಲ್ಲಿಗೇ ಮುಗಿಯಿತು. ಆಗ ಕಿತ್ತೂರು ನೆನಪಾಯಿತು. ನೆನಪಾದ ಕೂಡಲೇ ವಾದಗಳ ಹಾಳೆಯನ್ನು ಹರಿದು ಬಿಸುಟೆ. ಹೋಲಿಕೆ ಸಿಕ್ಕಿತೆಂದರೆ ವಾದದ ಕಷ್ಟವೇ ಇರುವುದಿಲ್ಲ.

ಗ್ರಾಮಸಭೆ ಹೈಸ್ಕೂಲಿನ ಬಯಲಲ್ಲಿ, ಬೇವಿನ ಮರದ ಕೆಳಗೆ ಸೇರಿತು. ಎಳ್ಳಮಾವಾಸ್ಯೆ ಮುಗಿದು ಬಿಸಿಲು ಹಿತವಾಗಿದ್ದ ದಿನ. ಸುಜಾತಾ ಎದ್ದು ತನ್ನ ಕಾಗದ ಓದಿದಳು. ಎಷ್ಟು ಮನೆ ಬಿದ್ದಿವೆ, ಯಾರ ಮನೆಯಲ್ಲಿ ಬಾಣಂತಿ ಇದ್ದಳು, ಎಷ್ಟು ದಿನ ಶಾಲೆಯ ಕೋಣೆಯಲ್ಲಿ ಗಂಜಿ ಕುಡಿದರು ಎಂಬುದಷ್ಟೇ. ಓಣಿಯವರಲ್ಲೊಬ್ಬ ಸಿಟ್ಟಿನಿಂದ, "ಈ ಬಾಪುಸಾಹೇಬ ಅಂದ್ರ ಆ ಜರ್ಮನಿ ಸರ್ವಾಧಿಕಾರಿ ಇದ್ದಂಗ!" ಎಂದು ಕೂಗಿದ. ಸುಜಾತಾ ಅಲ್ಲೇ ತಿರುಗಿ ಅವನನ್ನು ತಡೆದಳು. "ಜರ್ಮನಿ ಯಾಕ ಬೇಕೋ ಅಣ್ಣಾ? ಅವ್ರು ಬಾಪುಸಾಹೇಬ್ರು ಅಷ್ಟ. ಗಾಯರಾಣದ ಉತಾರ ತಗಸ್ರಿ, ಜಮೀನು ಯಾರ ಹೆಸರಿಗೈತಿ ನೋಡ್ರಿ, ಸಾಕ." ಕೆಲವರು ತಲೆಯಾಡಿಸಿದರು. ಬಾಪುಸಾಹೇಬರು ನನ್ನ ಕಡೆ ನೋಡಿದರು.

ನಾನು ಎದ್ದೆ. ಆ ಭಾಷಣ ನನಗೆ ಇವತ್ತಿಗೂ ಬಾಯಿಪಾಠ.

"ಕಿತ್ತೂರ ಕ್ವಾಟಿ ಹೊರಗಿನ ತೋಪಿಗೆ ಬೀಳಲಿಲ್ರೀ. ಒಳಗಿದ್ದು ಉಂಡ ಕೈ ಮದ್ದಿನಾಗ ಸೆಗಣಿ ಕಲಸಿತ್ತು. ರಣದಾಗ ಮದ್ದು ಹೊತ್ತಲಿಲ್ಲ, ಕ್ವಾಟಿ ಬಿತ್ತು. ಅವತ್ತ ಕಂಪನಿ ಸರ್ಕಾರದ ಸಾಹೇಬ್ರು ಬಂದಿದ್ರು, ಇವತ್ತ ತಹಸೀಲ್ದಾರ ಸಾಹೇಬ್ರು ಬಂದಾರ. ಅವತ್ತೂ ಒಳಗಿನ ಕೈ ಬೇಕಾಗಿತ್ತು, ಇವತ್ತೂ ಒಳಗಿನ ಕೈ ಸಿಕ್ಕೈತಿ. ಆ ಕೈ ಈಗ ನಮ್ಮೂರಾಗ ಮನಿ ಮನಿಗೆ ಕಾಗದ ಹಿಡಕೊಂಡ ತಿರಗಾಕತ್ತೈತಿ."

ಹೆಸರು ಹೇಳಲಿಲ್ಲ. ಆ ಜಾಣತನವೂ ನನ್ನದೇ. ಇನ್ನೂರು ಜನ ಒಮ್ಮೆಲೇ ಸುಜಾತಾಳ ಕೈಯನ್ನು ನೋಡಿದರು. ಆಕೆಯ ಕೈಯಲ್ಲಿ ಸಹಿಯ ಹಾಳೆಗಳಿದ್ದವು. ಸೀಟಿ, ಚಪ್ಪಾಳೆ. ಹಿಂದೆ ನಿಂತವರು "ಜೈ" ಎಂದರು. ಇಷ್ಟು ವರ್ಷದಲ್ಲಿ ನನ್ನ ಯಾವ ಪಾಠಕ್ಕೂ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಮೈ ಜುಮ್ಮೆಂದಿತು.

ಸದ್ದಡಗಿದ ಮೇಲೆ ಸುಜಾತಾ ಕೇಳಿದಳು. ಧ್ವನಿ ಏರಿಸಲಿಲ್ಲ, ವಿದ್ಯಾರ್ಥಿನಿ ಸಂಶಯ ಕೇಳಿದ ಹಾಗೇ ಇತ್ತು: "ಸರ್, ಸಾಲ್ಯಾಗ ಈ ಕಥಿ ನಮಗ ಹೇಳೂ ಮುಂದ ನೀವ ಒಂದ್ ಮಾತ್ ಹೇಳಿದ್ರಿ. ಮದ್ದಿನ ಕಥಿ ಮಂದಿ ಬಾಯಾಗಿಂದು, ಅದನ್ನ ಕಾಗದದಾಗಿನ ಇತಿಹಾಸದ ಜೋಡಿ ಕಲಸಬ್ಯಾಡ್ರಿ, ಬ್ಯಾರೆ ಇಟ್ಟು ಓದ್ರಿ ಅಂತ. ಅದು ಇರ್ಲಿ. ಇಲ್ಲಿ ಕ್ವಾಟಿ ಯಾವದ್ರೀ? ನಮ್ಮ ಮನ್ಯಾಗ ನೀರ ಹೊಕ್ಕಾಗ ಅದನ್ನ ಕ್ವಾಟಿ ಅಂತ ಯಾರೂ ಕಾಯಾಕ ಬರಲಿಲ್ಲಲ್ರೀ."

ನಾನು ಉತ್ತರ ಕೊಡಬೇಕಾಗಿಯೇ ಬರಲಿಲ್ಲ. "ಕುಂದರ ಬೇ ಸೆಗಣೀ!" ಎಂದು ಯಾರೋ ಕೂಗಿದರು. ನಗೆ ಎದ್ದಿತು. ಆಕೆಯ ಪ್ರಶ್ನೆ ಆ ನಗೆಯಲ್ಲಿ ಮುಳುಗಿತು. ಠರಾವು ಬಿದ್ದುಹೋಯಿತು.

ಹೆಸರು ಮಾತ್ರ ಬೀಳಲಿಲ್ಲ. ವಾರದೊಳಗೆ ಆಕೆ 'ಸೆಗಣಿ ಬಾಯಿ' ಆದಳು. ಹಿಟ್ಟಿನ ಗಿರಣಿಯಲ್ಲಿ, ಬಸ್ ನಿಲ್ದಾಣದಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲೂ ಅದೇ ಹೆಸರು. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವಾಗ ಮೇಲಿನ ಊರಿನ ಹೆಣ್ಣುಮಕ್ಕಳು ಆಕೆಯ ಕೈಯಿಂದ ತೆಗೆದುಕೊಳ್ಳಲಿಲ್ಲ ಎಂದು ರಾಜಮತಿ ಬಂದು ಹೇಳಿದಳು. "ನಾಕ ದಿನದಾಗ ಮರೀತಾರ ಬಿಡು," ಎಂದೆ. ಒಳಗೊಳಗೆ ಒಂದು ಹೆಮ್ಮೆಯೂ ಇತ್ತು ಎಂದು ಈಗ ಒಪ್ಪಿಕೊಳ್ಳಬೇಕು. ನನ್ನ ಮಾತು ಇಷ್ಟು ದೂರ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಹೋಳಿ ಹುಣ್ಣಿಮೆಯ ಮುಂದೆ ಅದು ಇನ್ನೂ ದೂರ ನಡೆಯಿತು. ಒಂದು ಮುಂಜಾನೆ ಸುಜಾತಾ ಅಂಗನವಾಡಿಯ ಬಾಗಿಲು ತೆರೆದು, ಮಕ್ಕಳಿಗೆ ಉಪ್ಪಿಟ್ಟು ಮಾಡಲು ರವೆಯ ಡಬ್ಬಿಗೆ ಕೈ ಹಾಕಿದರೆ ಒಳಗೆ ಸೆಗಣಿ. ಯಾರೋ ಕಿಟಕಿಯ ಸರಳಿನ ಸಂದಿಯಲ್ಲಿ ಕೈ ತೂರಿಸಿ ಮುಚ್ಚಳ ತೆಗೆದು, ರವೆಯಲ್ಲಿ ಚೆನ್ನಾಗಿ ಕಲಸಿಟ್ಟಿದ್ದರು. ಇಪ್ಪತ್ತೆರಡು ಮಕ್ಕಳು ತಾಟು ಹಿಡಿದು ಕೂತಿದ್ದವು. ನಾನು ಶಾಲೆಗೆ ಹೋಗುವ ದಾರಿಯಲ್ಲಿ ಗುಂಪು ಕಂಡು ಒಳಗೆ ಇಣುಕಿದೆ. ಸುಜಾತಾ ಡಬ್ಬಿಯನ್ನು ಹೊರಗೆ ತಂದು ಬೂದಿ ಹಾಕಿ ತಿಕ್ಕುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು. ಬೈಯಲಿಲ್ಲ, ಅಳಲೂ ಇಲ್ಲ. ಮತ್ತೆ ತಿಕ್ಕತೊಡಗಿದಳು. ಆ ಕ್ಷಣಕ್ಕೆ ಆಕೆ ಒಂದು ಬೈಗಳ ಬೈದಿದ್ದರೆ ನಾನು ಅಲ್ಲೇ ಏನಾದರೂ ಹೇಳುತ್ತಿದ್ದೆನೇನೋ. ಬೈಯಲಿಲ್ಲವೆಂದು ಶಾಲೆಗೆ ಹೋದೆ, ಹಾಜರಿ ಕರೆದೆ.

ಸಂಜೆ ರಾಜಮತಿ ನನಗೆ ಚಹಾ ಕೊಡಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೇಳಿದಳು: "ನೀವ್ ಕಲಿಸಿದ್ರಿ, ಅವರು ಕಲತ್ರು. ಮೂವತ್ತು ವರ್ಷದಾಗ ನಿಮ್ಮ ಒಂದ್ ಪಾಠ ಊರಿಗೆ ಬರೋಬ್ಬರಿ ತಿಳೀತು ನೋಡ್ರಿ."

ಊಟದ ಸಾಮಾನು ಕೆಟ್ಟದ್ದಕ್ಕೆ ಕಾರಣ ಕೇಳಿ ಸುಜಾತಾಳಿಗೇ ನೋಟೀಸು ಬಂತು. ಮೇಲಿನ ಊರಿನವರು ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ಬೇಸಿಗೆಯ ಕೊನೆಗೆ ಆಕೆಯನ್ನು ನಾಲ್ಕು ಹಳ್ಳಿ ಆಚೆಯ ಅಂಗನವಾಡಿಗೆ ಹಾಕಿದರು. ಬೆಳಗ್ಗೆ ಏಳರ ಬಸ್ಸಿಗೆ ಡಬ್ಬಿ ಹಿಡಿದು ನಿಂತಿರುತ್ತಿದ್ದಳು. ನಾನು ಬಸ್ ನಿಲ್ದಾಣದ ದಾರಿ ಬಿಟ್ಟು ಬಸದಿಯ ಹಿಂದಿನಿಂದ ಶಾಲೆಗೆ ಹೋಗುವುದನ್ನು ರೂಢಿ ಮಾಡಿಕೊಂಡೆ.

ಮತ್ತೆ ಶ್ರಾವಣ ಬಂತು. ಈ ಸಲದ ನೀರು ಹಿಂದಿನಷ್ಟಿರಲಿಲ್ಲ, ಎದೆಮಟ್ಟ ಅಷ್ಟೇ. ಆದರೆ ಬಂದದ್ದು ಅಲ್ಲಿಗೇ, ಹೊಳಿ ಓಣಿಗೆ. ಶಾಲೆಯ ಕೀಲಿ ನನ್ನ ಬಳಿ ಇತ್ತು. ಕೋಣೆಗಳನ್ನು ತೆರೆದು, ಬೆಂಚು ಸರಿಸಿ, ಜಾಗ ಮಾಡಿಕೊಟ್ಟೆ. ಅಕ್ಕಾತಾಯಿ ಗಂಟು ಹೊತ್ತು ಒಳಗೆ ಬಂದವಳು ನನ್ನನ್ನು ಕಂಡು ನಿಂತಳು. "ಮಾಸ್ತರ, ಮುಗೀತೇನ್ ವಿಚಾರ ಮಾಡೂದು?" ಎಂದಳು. ಹೋದ ವರ್ಷದ ಹಾಗೆ ನಕ್ಕೇ ಹೇಳಿದಳು. ನಾನು ಚಾಪೆ ತರುತ್ತೇನೆಂದು ಹೊರಗೆ ಹೋದೆ.

ನದಿಯ ಕಡೆಯವರಿಗೆ ಗೊತ್ತಿರುತ್ತದೆ, ಮಣ್ಣಿನ ಗೋಡೆ ನೀರಲ್ಲಿ ನಿಂತಾಗ ಬೀಳುವುದಿಲ್ಲ. ನೀರು ಇಳಿದು, ಬಿಸಿಲು ಬಿದ್ದು, ಒಣಗತೊಡಗಿದಾಗ ಬೀಳುತ್ತದೆ. ಎಂಟನೇ ದಿನ ಜನ ರಾಡಿ ಬಳಿದು ತೆಗೆಯಲು ಮನೆಗಳಿಗೆ ಮರಳಿದರು. ಮಧ್ಯಾಹ್ನ ಅಕ್ಕಾತಾಯಿ ಒಲೆಯ ಗುಂಡು ಹುಡುಕುತ್ತ ಬಗ್ಗಿದ್ದಾಗ ಹಿಂದಿನ ಗೋಡೆ ಮೈಮೇಲೆ ಕುಸಿಯಿತು. ಮಿರಜಿಗೆ ಒಯ್ದರು. ಸೊಂಟ ಮುರಿದಿತ್ತು. ಜೀವ ಉಳಿಯಿತು, ಆದರೆ ಆಕೆ ಮತ್ತೆ ಎದ್ದು ನಿಲ್ಲಲಿಲ್ಲ.

ಇಲ್ಲಿಯವರೆಗೆ ಒಂದು ವಿಷಯ ಬರೆಯದೆ ಬಿಟ್ಟಿದ್ದೇನೆ. ಗಾಯರಾಣದ ಕಬ್ಬಿನಲ್ಲಿ ದೊಡ್ಡ ಪಾಲು ಬಾಪುಸಾಹೇಬರದು ಎಂದೆನಲ್ಲ, ಸಣ್ಣ ಪಾಲುಗಳೂ ಇದ್ದವು. ಅದರಲ್ಲಿ ಅರ್ಧ ಎಕರೆ ನಮ್ಮದು. ನಮ್ಮಪ್ಪ ಬದು ಸರಿಸಿದ್ದು, ಅಣ್ಣ ಊಳುತ್ತಿದ್ದದ್ದು, ನಾನು ಸುಮ್ಮನಿದ್ದದ್ದು. "ಉತಾರ ತಗಸ್ರಿ" ಎಂದು ಸುಜಾತಾ ಅಂದಾಗ ಬಾಪುಸಾಹೇಬರು ನನ್ನ ಕಡೆ ನೋಡಿದ್ದು ಅದಕ್ಕೇ. ಸರಕಾರದ ನೆಲವನ್ನು ಒಳಗಿನಿಂದ ತಿಂದ ಕೈ ಯಾವುದು ಎಂದು ಊರಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು.

ಗೋಡೆ ಬಿದ್ದ ಮೇಲೆ ನಮ್ಮ ಪರ್ವದ ದಿನಗಳು ಬಂದವು. ಹತ್ತು ದಿನದ ಪೂಜೆ ಮುಗಿದ ಮೇಲೆ ಕ್ಷಮಾವಾಣಿ. ಜೈನರು ಅಂದು ಕಂಡಕಂಡವರಿಗೆ ಕೈಮುಗಿದು ಕ್ಷಮೆ ಬೇಡುತ್ತಾರೆ. ಈಗ ಅದು ಮೊಬೈಲಿನಲ್ಲಿ ಆಗುತ್ತದೆ. ಯಾರೋ ಕಳಿಸಿದ ಹೂವಿನ ಚಿತ್ರ, ಅದರ ಕೆಳಗೆ 'ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ' ಎಂಬ ಸಾಲು. ಫೋನಿನಲ್ಲಿದ್ದ ಎಲ್ಲ ಹೆಸರುಗಳಿಗೂ ಒಂದೇ ಸಲಕ್ಕೆ ಕಳಿಸಿಬಿಟ್ಟೆ. ಶಾಲೆಯ ಯಾವುದೋ ಕೆಲಸಕ್ಕೆ ಬರೆದುಕೊಂಡಿದ್ದ ಸುಜಾತಾಳ ನಂಬರೂ ಅದರಲ್ಲಿತ್ತು ಎಂಬುದು ಹೊಳೆಯಲಿಲ್ಲ. ಮಧ್ಯಾಹ್ನ ಉತ್ತರ ಬಂತು.

"ಯಾವುದಕ್ಕೆ ಸರ್?"

ಅಷ್ಟೇ. ವ್ಯಂಗ್ಯವೋ, ನಿಜವಾಗಿ ಕೇಳಿದ್ದೋ, ನನಗೆ ಇವತ್ತಿಗೂ ತಿಳಿಯದು. ಬರೆಯಲು ಕೂತೆ. ಗ್ರಾಮಸಭೆಯ ಮಾತಿಗೆ ಎಂದು ಬರೆದರೆ ರವೆಯ ಡಬ್ಬಿ ಉಳಿಯುತ್ತಿತ್ತು. ಡಬ್ಬಿಗೆ ಎಂದು ಬರೆದರೆ ಅಕ್ಕಾತಾಯಿಯ ಸೊಂಟ. ಅದನ್ನೂ ಬರೆದರೆ ಅರ್ಧ ಎಕರೆ. ಬರೆದು ಅಳಿಸಿದೆ, ಬರೆದು ಅಳಿಸಿದೆ. ಕೊನೆಗೆ ಫೋನು ಮಗುಚಿಟ್ಟೆ. ಮಾಘದಲ್ಲಿ ಅಕ್ಕಾತಾಯಿ ತೀರಿಕೊಂಡಳು. ಮಣ್ಣಿಗೆ ಹೋಗಲಿಲ್ಲ. ಜ್ವರ ಎಂದು ಹೇಳಿಕಳಿಸಿದೆ.

ಮುಂದೆ ಮತ್ತೊಬ್ಬ ತಹಸೀಲ್ದಾರರು ಬಂದರು. ಠರಾವಿಗೆ ಕಾಯದೆ ಅಳತೆ ಮಾಡಿಸಿದರು, ಕಬ್ಬು ತೆಗೆಸಿದರು. ಹೊಳಿ ಓಣಿ ಈಗ ಗಾಯರಾಣದ ಎತ್ತರದಲ್ಲಿದೆ. ಊರು ಒಡೆಯಲಿಲ್ಲ, ಶಾಲೆ ಮುಚ್ಚಲಿಲ್ಲ, ಬಸ್ಸು ಎರಡೂ ಕಡೆ ನಿಲ್ಲುತ್ತದೆ. ನಾನು ನಿವೃತ್ತನಾಗಿ ಚಿಕ್ಕೋಡಿಯಲ್ಲಿ ಮನೆ ಮಾಡಿದೆ.

ಚರ್ಚಾಸ್ಪರ್ಧೆಯಾದ ಮೂರನೇ ದಿನ ಸುಜಾತಾಳ ಮನೆಗೆ ಹೋದೆ. ಎರಡು ಕೋಣೆಯ ಸಿಮೆಂಟಿನ ಮನೆ. "ಬರ್ರಿ ಸರ್," ಎಂದು ಕುರ್ಚಿ ಒರೆಸಿ ಕೊಟ್ಟಳು. ಚಹಾ ಮಾಡಿದಳು. ನಾನು ಎಲ್ಲ ಹೇಳಿದೆ. ಅರ್ಧ ಎಕರೆಯನ್ನೂ ಬಿಡಲಿಲ್ಲ. ಕೊನೆಗೆ ಕೈಮುಗಿದೆ. ಆಕೆ ಹೇಳಿದಳು:

"ಇಲ್ಲಿ ನಾಕ ಗ್ವಾಡಿ ನಡಕ ಹೇಳಿದ್ರ ನನಗೇನ್ ಬಂತ್ರೀ ಸರ್? ನನಗ ಮೊದಲ ಗೊತ್ತಿತ್ತು. ನನ್ನ ಮಗಳಿಗೆ ಸಾಲ್ಯಾಗ ಇನ್ನೂ ಸೆಗಣಿ ಬಾಯಿ ಮಗಳು ಅಂತಾರ. ಮಂದಿ ಮುಂದ ಅಂದಿದ್ರಿ, ಮಂದಿ ಮುಂದ ಹೇಳ್ರಿ."

ಹೋದ ತಿಂಗಳ ಗ್ರಾಮಸಭೆಗೆ ಹೋದೆ. ಈಗ ಪಂಚಾಯತಿಗೆ ಹೊಸ ಸಭಾಭವನವಿದೆ, ಮೈಕು ಇದೆ. ಬಾಪುಸಾಹೇಬರಿಗೆ ವಯಸ್ಸಾಗಿ, ಮಗ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಅನುಮತಿ ಕೇಳಿ ಎದ್ದು ನಿಂತೆ. ಸುಜಾತಾ ಯಾರಿಗೂ ದ್ರೋಹ ಮಾಡಿರಲಿಲ್ಲ, ಆಕೆಯ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಅದಕ್ಕೇ ಕಿತ್ತೂರನ್ನು ಎಳೆತಂದೆ, ಗಾಯರಾಣದಲ್ಲಿ ನಮ್ಮ ಮನೆತನದ ಜಮೀನೂ ಸೇರಿತ್ತು, ಆ ಹೆಸರಿನಿಂದ ಇನ್ನು ಯಾರೂ ಆಕೆಯನ್ನಾಗಲಿ ಆಕೆಯ ಮಗಳನ್ನಾಗಲಿ ಕರೆಯಬಾರದು ಎಂದು ಹೇಳಿದೆ. ಆ ದಿನದ ಭಾಷಣಕ್ಕೆ ಕಾಲು ಗಂಟೆ ಹಿಡಿದಿತ್ತು. ಇದು ಎರಡು ನಿಮಿಷದಲ್ಲಿ ಮುಗಿಯಿತು.

ಚಪ್ಪಾಳೆ ಬರಲಿಲ್ಲ, ಬೈಗಳವೂ ಬರಲಿಲ್ಲ. ಅರ್ಧ ಜನ ಮೊಬೈಲು ನೋಡುತ್ತಿದ್ದರು. "ಹಳೇದ್ ಬಿಡ್ರಿ ಮಾಸ್ತರ, ಯಾರಿಗೆ ನೆನಪೈತಿ?" ಎಂದ ಬಾಪುಸಾಹೇಬರ ಮಗ. ಇದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ ಎಂದು ಕಾರ್ಯದರ್ಶಿಯನ್ನು ಕೇಳಿದೆ. ಅವರು ಮುಜುಗರದಿಂದ, "ಸರ್, ಇದು ಇವತ್ತಿನ ವಿಷಯಪಟ್ಟಿಯಾಗ ಇಲ್ರೀ," ಎಂದರು.

ಆಗ ಹಿಂದಿನ ಸಾಲಿನಿಂದ ಸುಜಾತಾ ಎದ್ದಳು. ಪಕ್ಕದಲ್ಲಿ ಶಾಲೆಯ ಸಮವಸ್ತ್ರದಲ್ಲೇ ಮಗಳು ಕೂತಿದ್ದಳು. ಸುಜಾತಾ ನನ್ನ ಕಡೆ ನೋಡಲಿಲ್ಲ.

"ಬರಕೊಳ್ರೀ," ಎಂದಳು ಕಾರ್ಯದರ್ಶಿಗೆ. "ಮಾಸ್ತರ ಅಂದದ್ದು ಒಂದೂ ಬಿಡದಂಗ ಬರಕೊಳ್ರಿ. ಅದರ ಕೆಳಗ, ನಮ್ಮ ಓಣಿ ನಳಕ್ಕ ವಾರಕ್ಕೊಮ್ಮೆ ನೀರ ಬರಾಕತ್ತೈತಿ, ಅದನ್ನೂ ಬರಕೊಳ್ರಿ."

ಕಾರ್ಯದರ್ಶಿ ಪೆನ್ನು ತೆಗೆದರು. "ಮೊದಲಿಂದ ಹೇಳ್ರಿ ಸರ್, ಸಾವಕಾಶ," ಎಂದರು. ನಾನು ಮತ್ತೆ ಎದ್ದು ನಿಂತು, ಅವರ ಕೈಯ ವೇಗಕ್ಕೆ ಸರಿಯಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳತೊಡಗಿದೆ.